ಕೊನೆಯ ಗಳಿಗೆಯ ವಿಮಾನ ಟಿಕೇಟು: ದುಬಾರಿಯೇಕೆ, ಅಗ್ಗದ ದಾರಿ ಯಾವುದು?

ರಾತ್ರಿ ಹನ್ನೊಂದು ಗಂಟೆಗೆ ದೂರವಾಣಿ ಕರೆ ಬರುತ್ತದೆ. ಊರಿನಲ್ಲಿ ತಂದೆಯವರು ತೀವ್ರ ನಿಗಾ ಘಟಕ ಸೇರಿದ್ದಾರೆ, ದುಬೈಯಲ್ಲಿರುವ ಮಗ ನಾಳೆಯೇ ಹೊರಡಬೇಕು. ಅಥವಾ ಅಹಮದಾಬಾದಿಗೆ ಕಳುಹಿಸಿದ ಅಡಿಕೆಯ ಗುಣಮಟ್ಟದ ಬಗ್ಗೆ ಖರೀದಿದಾರರು ತಕರಾರು ತೆಗೆದಿದ್ದಾರೆ, ಮಾಲೀಕರೇ ಖುದ್ದಾಗಿ ಹೋಗದಿದ್ದರೆ ಲೋಡಿನ ಹಣ ಕೈಸೇರುವಂತಿಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ವರ್ತಕ ಕುಟುಂಬಗಳಿಗೆ ಇಂತಹ ಸಂದರ್ಭಗಳು ಅಪರಿಚಿತವಲ್ಲ. ಆ ಹೊತ್ತಿನಲ್ಲಿ ಟಿಕೇಟಿನ ದರ ವಾರದ ಹಿಂದಿನದಕ್ಕಿಂತ ದುಪ್ಪಟ್ಟೋ ಮೂರು ಪಟ್ಟೋ ಆಗಿರುವುದನ್ನು ಕಂಡು ನಾವು ಗಾಬರಿಗೊಳ್ಳುತ್ತೇವೆ. ಗಾಬರಿಯಲ್ಲಿಯೇ ಮೊದಲು ಕಂಡ ಟಿಕೇಟನ್ನು ಕೊಳ್ಳುತ್ತೇವೆ. ದರ ಹೇಗೆ ನಿಗದಿಯಾಗುತ್ತದೆ ಎಂಬುದರ ಅರಿವಿದ್ದರೆ ಅರ್ಧ ಗಂಟೆಯ ಹುಡುಕಾಟದಿಂದ ಹಲವು ಸಾವಿರ ರೂಪಾಯಿಗಳನ್ನು ಉಳಿಸುವುದು ಸಾಧ್ಯ. ಕೆಲವೊಮ್ಮೆ ಏನೂ ಉಳಿಯದು ಎಂಬುದನ್ನು ತಿಳಿದಿರುವುದೂ ಅಷ್ಟೇ ಉಪಯುಕ್ತ.

ಬಜಪೆಯಿಂದ ಆರಂಭ

ಮಂಗಳೂರಿನ ಬಜಪೆ ವಿಮಾನ ನಿಲ್ದಾಣವು 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಗಮನದೊಂದಿಗೆ ಉದ್ಘಾಟನೆಗೊಂಡಿತು. ಮುಂದಿನ ಹಲವು ದಶಕಗಳ ಕಾಲ ವಿಮಾನಯಾನವೆಂಬುದು ನಮ್ಮ ಭಾಗದ ಕೆಲವೇ ಅನುಕೂಲಸ್ಥರಿಗೆ ಮೀಸಲಾಗಿತ್ತು. 1994ರಲ್ಲಿ ವಾಯು ನಿಗಮಗಳ ಕಾಯಿದೆ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ದಾರಿ ಸುಗಮವಾಯಿತು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಆರಂಭಿಸಿದ ಏರ್ ಡೆಕ್ಕನ್, ಒಂದು ರೂಪಾಯಿಯ ಟಿಕೇಟಿನ ಮೂಲಕ ದೇಶದ ಗಮನವನ್ನು ಸೆಳೆಯಿತು. ಮೊದಲು ಬಂದವರಿಗೆ ಅತಿ ಕಡಿಮೆ ದರ, ತಡವಾಗಿ ಬಂದವರಿಗೆ ಹೆಚ್ಚು ದರ ಎಂಬ ಪದ್ಧತಿ ಜನಸಾಮಾನ್ಯರಿಗೆ ಪರಿಚಯವಾದದ್ದು ಆಗಲೇ. ಆ ಸಂಸ್ಥೆ 2008ರಲ್ಲಿ ಕಿಂಗ್‌ಫಿಷರ್‌ನೊಂದಿಗೆ ವಿಲೀನಗೊಂಡಿತು. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ಹಾಗೂ 2023ರ ಮೇ ತಿಂಗಳಿನಲ್ಲಿ ಗೋ ಫಸ್ಟ್ ಸಂಸ್ಥೆಗಳೂ ಸೇವೆಯನ್ನು ನಿಲ್ಲಿಸಿದವು. ಸಂಸ್ಥೆಗಳು ಕಣ್ಮರೆಯಾದರೂ ದರದ ಪದ್ಧತಿ ಉಳಿದುಕೊಂಡಿತು. ಪೈಪೋಟಿ ಕಡಿಮೆಯಾದಂತೆ ಆ ಪದ್ಧತಿಯ ಬಿಸಿ ಕೊನೆಯ ಗಳಿಗೆಯ ಪ್ರಯಾಣಿಕನಿಗೆ ಹೆಚ್ಚಾಗಿ ತಟ್ಟತೊಡಗಿತು.

ದರದ ಮೆಟ್ಟಿಲುಗಳು

ಒಂದು ವಿಮಾನದಲ್ಲಿ 180 ಆಸನಗಳಿವೆ ಎಂದು ಭಾವಿಸೋಣ. ಸಂಸ್ಥೆಯು ಅವೆಲ್ಲವನ್ನೂ ಒಂದೇ ದರಕ್ಕೆ ಮಾರುವುದಿಲ್ಲ. ಉದಾಹರಣೆಗೆ 20 ಆಸನಗಳಿಗೆ 3,500 ರೂಪಾಯಿ, ಮುಂದಿನ 40ಕ್ಕೆ 4,500, ಆನಂತರದ 50ಕ್ಕೆ 6,000, ಮತ್ತೆ 40ಕ್ಕೆ 8,000, ಕೊನೆಯ 30ಕ್ಕೆ 11,000 ಎಂದು ವಿಂಗಡಿಸಿರಬಹುದು. ಈ ಅಂಕಿಗಳು ವಿವರಣೆಗಾಗಿ ಮಾತ್ರ. ಕೆಳಗಿನ ಮೆಟ್ಟಿಲಿನ ಆಸನಗಳು ತೀರಿದೊಡನೆ ದರ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಬೇಡಿಕೆ ಮಂದವಾಗಿದ್ದರೆ ಗಣಕ ವ್ಯವಸ್ಥೆಯು ಕೆಳಗಿನ ಮೆಟ್ಟಿಲನ್ನು ಮತ್ತೆ ತೆರೆಯುವುದೂ ಉಂಟು.

ವಿಮಾನ ಹಾರಿದ ಮೇಲೆ ಖಾಲಿ ಆಸನಕ್ಕೆ ಬೆಲೆಯೇ ಇಲ್ಲ. ಆದುದರಿಂದ ಕೊನೆಯ ಗಳಿಗೆಯಲ್ಲಿ ಅಗ್ಗವಾಗಿ ಮಾರಬೇಕಲ್ಲವೇ ಎಂದು ವರ್ತಕರಿಗೆ ಅನಿಸುವುದು ಸಹಜ. ಸಂತೆಯಲ್ಲಿ ಸಂಜೆಯ ಹೊತ್ತಿಗೆ ತರಕಾರಿಯ ಬೆಲೆ ಇಳಿಯುವುದನ್ನು ನಾವು ಕಂಡಿದ್ದೇವೆ. ಆದರೆ ಸಂತೆಗೆ ಸಂಜೆ ಬರುವವನು ಅಗ್ಗವನ್ನು ಅರಸಿ ಬಂದವನು. ವಿಮಾನಕ್ಕೆ ಕೊನೆಯಲ್ಲಿ ಬರುವವನು ಅನಿವಾರ್ಯಕ್ಕೆ ಸಿಲುಕಿದವನು. ಆತ ಹೆಚ್ಚು ಕೊಟ್ಟಾದರೂ ಕೊಳ್ಳುತ್ತಾನೆ ಎಂಬುದು ಸಂಸ್ಥೆಗೆ ಗೊತ್ತು. ಮೇಲಾಗಿ, ಕೊನೆಯಲ್ಲಿ ದರ ಇಳಿಯುತ್ತದೆ ಎಂಬ ನಂಬಿಕೆ ಒಮ್ಮೆ ಹುಟ್ಟಿದರೆ ಮುಂಚಿತವಾಗಿ ಕೊಳ್ಳುವವರೇ ಇಲ್ಲವಾಗುತ್ತಾರೆ. ಆದುದರಿಂದ, ದಿನಕ್ಕೆ ಕೆಲವೇ ವಿಮಾನಗಳಿರುವ ಮಂಗಳೂರಿನಂತಹ ನಿಲ್ದಾಣಗಳಲ್ಲಿ ಕಾದು ಕುಳಿತರೆ ದರ ಇಳಿದೀತು ಎಂಬ ನಿರೀಕ್ಷೆ ಬಹುತೇಕ ಹುಸಿಯಾಗುತ್ತದೆ.

ಎರಡು ತಪ್ಪು ಕಲ್ಪನೆಗಳನ್ನು ಇಲ್ಲಿಯೇ ನಿವಾರಿಸುವುದು ಒಳಿತು. ಪದೇ ಪದೇ ಹುಡುಕಿದ ಕಾರಣಕ್ಕೆ ದರ ಏರುತ್ತದೆ ಎಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ನಾವು ಯೋಚಿಸುತ್ತಿರುವಾಗ ಬೇರೊಬ್ಬರು ಆ ಮೆಟ್ಟಿಲಿನ ಕೊನೆಯ ಆಸನವನ್ನು ಕೊಂಡಿರುತ್ತಾರೆ, ಅಷ್ಟೆ. ವಾರದ ಇಂತಹ ದಿನ, ಇಂತಹ ಗಂಟೆಗೆ ಕೊಂಡರೆ ಅಗ್ಗ ಎಂಬುದೂ ಹಾಗೆಯೇ. ಕೊಳ್ಳುವ ದಿನಕ್ಕಿಂತ ಪ್ರಯಾಣಿಸುವ ದಿನ ಮತ್ತು ಹೊತ್ತು ಮುಖ್ಯ. ಸೋಮವಾರ ಬೆಳಗ್ಗೆ ಹಾಗೂ ಶುಕ್ರವಾರ, ಭಾನುವಾರ ಸಂಜೆಯ ವಿಮಾನಗಳಿಗೆ ಬೇಡಿಕೆ ಹೆಚ್ಚು. ವಾರದ ನಡುವಿನ ಮಧ್ಯಾಹ್ನದ ಅಥವಾ ತಡರಾತ್ರಿಯ ವಿಮಾನಗಳಲ್ಲಿ ಕೆಳಗಿನ ಮೆಟ್ಟಿಲು ಉಳಿದಿರುವ ಸಾಧ್ಯತೆ ಹೆಚ್ಚು.

ಹುಡುಕುವ ಕ್ರಮ

ತುರ್ತು ಪ್ರಯಾಣ ಒದಗಿದಾಗ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಒಬ್ಬರಿಗಾಗಿ ಹುಡುಕಿರಿ. ನಾಲ್ವರು ಹೊರಡಬೇಕಿದ್ದು, 8,000 ರೂಪಾಯಿಯ ಮೆಟ್ಟಿಲಿನಲ್ಲಿ ಮೂರೇ ಆಸನಗಳು ಉಳಿದಿವೆ ಎಂದುಕೊಳ್ಳೋಣ. ನಾಲ್ಕು ಆಸನ ಕೇಳಿದರೆ ವ್ಯವಸ್ಥೆಯು ಸಾಮಾನ್ಯವಾಗಿ ನಾಲ್ವರಿಗೂ 11,000ದ ದರವನ್ನೇ ತೋರಿಸುತ್ತದೆ, ಒಟ್ಟು 44,000. ಮೂವರಿಗೆ ಒಂದು, ಒಬ್ಬರಿಗೆ ಇನ್ನೊಂದು ಎಂದು ಪ್ರತ್ಯೇಕವಾಗಿ ಕೊಂಡರೆ 35,000. ಉಳಿತಾಯ 9,000 ರೂಪಾಯಿ. ಆದರೆ ಟಿಕೇಟುಗಳು ಬೇರೆ ಬೇರೆಯಾಗಿರುವುದರಿಂದ ವಿಮಾನ ರದ್ದಾದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಬದಲಿಸಿಕೊಳ್ಳಬೇಕಾಗುತ್ತದೆ.

2. ಹೋಗುವ ಮತ್ತು ಬರುವ ಟಿಕೇಟುಗಳನ್ನು ಬೇರೆಯಾಗಿ ನೋಡಿರಿ. ದೇಶೀಯ ಮಾರ್ಗಗಳಲ್ಲಿ ಪ್ರತಿಯೊಂದು ದಿಕ್ಕಿನ ದರವೂ ಹೆಚ್ಚಾಗಿ ಸ್ವತಂತ್ರವಾಗಿರುತ್ತದೆ. ಒಂದು ಸಂಸ್ಥೆಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಬಹುದು. ವಿದೇಶ ಪ್ರಯಾಣದಲ್ಲಿ ಕೆಲವು ಸಂಸ್ಥೆಗಳ ಹೋಗಿಬರುವ ಟಿಕೇಟೇ ಅಗ್ಗವಾಗಿರುವುದರಿಂದ ಎರಡನ್ನೂ ಹೋಲಿಸಬೇಕು. ನೆನಪಿಡಬೇಕಾದ ಸಂಗತಿಯೆಂದರೆ, ಒಂದೇ ಟಿಕೇಟಿನಲ್ಲಿ ಮೊದಲ ಹಂತದ ಪ್ರಯಾಣವನ್ನು ತಪ್ಪಿಸಿದರೆ ಸಾಮಾನ್ಯವಾಗಿ ಉಳಿದ ಹಂತಗಳೂ ರದ್ದಾಗುತ್ತವೆ.

3. ಹೋಲಿಕೆಯ ತಾಣದಲ್ಲಿ ನೋಡಿದ ದರವನ್ನು ವಿಮಾನ ಸಂಸ್ಥೆಯ ಸ್ವಂತ ತಾಣದಲ್ಲಿಯೂ ನೋಡಿರಿ. ಮೊದಲ ಪುಟದಲ್ಲಿ ಕಡಿಮೆ ಕಂಡ ದರಕ್ಕೆ ಕೊನೆಯ ಪುಟದಲ್ಲಿ ಅನುಕೂಲ ಶುಲ್ಕ, ವಿಮೆ, ಆಸನ ಶುಲ್ಕಗಳು ಸೇರಿಕೊಳ್ಳುತ್ತವೆ. ಗ್ರಾಹಕನ ಒಪ್ಪಿಗೆಯಿಲ್ಲದೆ ಇಂತಹ ಬಾಬ್ತುಗಳನ್ನು ಬುಟ್ಟಿಗೆ ತುರುಕುವುದನ್ನು, ಬೆಲೆಯನ್ನು ಹಂತಹಂತವಾಗಿ ಬಹಿರಂಗಪಡಿಸುವುದನ್ನು 2023ರ ನವೆಂಬರ್ 30ರಂದು ಹೊರಡಿಸಿದ ಕೇಂದ್ರದ ಮಾರ್ಗಸೂಚಿ ನಿಷೇಧಿಸಿದೆ. ಆದರೂ ಹಣ ಪಾವತಿಸುವ ಮುನ್ನ ಪ್ರತಿಯೊಂದು ಸಾಲನ್ನೂ ಓದುವುದು ಕ್ಷೇಮ.

4. ಸಾಮಾನಿನ ಲೆಕ್ಕವನ್ನು ಸೇರಿಸಿರಿ. ಕೆಲವು ಅಗ್ಗದ ದರಗಳಲ್ಲಿ ಕೈಚೀಲಕ್ಕೆ ಮಾತ್ರ ಅವಕಾಶ. ನಿಲ್ದಾಣದಲ್ಲಿ ಸಾಮಾನಿಗೆ ಹಣ ತೆತ್ತರೆ ಅಗ್ಗದ ಟಿಕೇಟು ದುಬಾರಿಯಾಗುತ್ತದೆ. ಎರಡು ಜೊತೆ ಬಟ್ಟೆಯೊಂದಿಗೆ ಹೊರಡುವ ವ್ಯಾಪಾರಿಗೆ ಮಾತ್ರ ಅದು ನಿಜವಾದ ಲಾಭ.

5. ರಿಯಾಯಿತಿಗಳನ್ನು ಕೇಳಿರಿ. ಹಿರಿಯ ನಾಗರಿಕರು, ವಿದ್ಯಾರ್ಥಿಗಳು, ಸೇನಾ ಸಿಬ್ಬಂದಿ ಮುಂತಾದವರಿಗೆ ಕೆಲವು ಸಂಸ್ಥೆಗಳು ಮೂಲ ದರದಲ್ಲಿ ರಿಯಾಯಿತಿ ನೀಡುತ್ತವೆ. ಗುರುತಿನ ಪತ್ರ ತಪ್ಪದೆ ಜೊತೆಯಲ್ಲಿರಬೇಕು.

ಏಜೆಂಟರ ಬಳಿ ಇರುವ ಆಸನಗಳು

ಅಂತರ್ಜಾಲ ಬಂದ ಮೇಲೆ ಟ್ರಾವೆಲ್ ಏಜೆಂಟರ ಅಗತ್ಯವಿಲ್ಲವೆಂದು ಹಲವರು ಭಾವಿಸಿದ್ದಾರೆ. ಕೊನೆಯ ಗಳಿಗೆಯ ಟಿಕೇಟಿನ ಮಟ್ಟಿಗೆ ಈ ಅಭಿಪ್ರಾಯ ಪೂರ್ತಿ ಸರಿಯಲ್ಲ. ದೊಡ್ಡ ಏಜೆನ್ಸಿಗಳು ಬೇಡಿಕೆಯ ಮಾರ್ಗಗಳಲ್ಲಿ, ಮುಖ್ಯವಾಗಿ ಗಲ್ಫ್ ಮಾರ್ಗಗಳಲ್ಲಿ, ತಿಂಗಳುಗಳ ಮುಂಚೆಯೇ ಸಗಟಾಗಿ ಆಸನಗಳನ್ನು ಹಿಡಿದಿಟ್ಟುಕೊಂಡಿರುತ್ತವೆ. ಮಾರಾಟವಾಗದೆ ಉಳಿದರೆ ನಷ್ಟ ಏಜೆನ್ಸಿಯದು. ಹೀಗಾಗಿ ಪ್ರಯಾಣದ ದಿನ ಸಮೀಪಿಸಿದಾಗ ವಿಮಾನ ಸಂಸ್ಥೆಯ ತಾಣದಲ್ಲಿರುವುದಕ್ಕಿಂತ ಕಡಿಮೆ ದರಕ್ಕೆ ಇವು ದೊರೆಯುವುದುಂಟು. ಸಂತೆಯ ಸಂಜೆಯ ನ್ಯಾಯ ಅನ್ವಯಿಸುವುದಾದರೆ ಇಲ್ಲಿ ಮಾತ್ರ. ಪುತ್ತೂರಿನ ಅಥವಾ ಸುಳ್ಯದ ಏಜೆಂಟರು ಈ ಸಗಟು ವ್ಯಾಪಾರಿಗಳೊಡನೆ ಸಂಪರ್ಕ ಹೊಂದಿದ್ದರೆ ಒಂದು ಕರೆಯಲ್ಲಿ ವಿಚಾರಿಸಬಲ್ಲರು.

ಇಂತಹ ಟಿಕೇಟುಗಳಿಗೆ ಮಿತಿಗಳಿವೆ. ಹೆಸರು ಸಲ್ಲಿಸಲು ನಿಗದಿತ ಗಡುವಿರುತ್ತದೆ; ರದ್ದು ಮಾಡಿದರೆ ಹಣ ಮರಳುವುದು ವಿರಳ; ದಿನಾಂಕ ಬದಲಿಸಲಾಗುವುದಿಲ್ಲ. ಟಿಕೇಟು ಕೈಗೆ ಬಂದೊಡನೆ ಅದರ ಪಿ.ಎನ್.ಆರ್. ಸಂಖ್ಯೆಯನ್ನು ವಿಮಾನ ಸಂಸ್ಥೆಯ ತಾಣದಲ್ಲಿ ಹಾಕಿ, ನಿಮ್ಮ ಹೆಸರು ಗುರುತಿನ ಪತ್ರದಲ್ಲಿರುವಂತೆಯೇ ದಾಖಲಾಗಿದೆಯೇ ಎಂದು ಪರಿಶೀಲಿಸಬೇಕು. ಪರಿಚಯವೇ ಇಲ್ಲದವರು ವಾಟ್ಸಾಪಿನಲ್ಲಿ ಅರ್ಧ ದರದ ಟಿಕೇಟು ನೀಡುವುದಾಗಿ ಹೇಳಿದರೆ ದೂರವಿರುವುದೇ ಲೇಸು. ಹುಡುಕಾಟದಲ್ಲಿ ಸಿಗುವ ನಕಲಿ ಗ್ರಾಹಕ ಸೇವಾ ಸಂಖ್ಯೆಗಳಿಂದ ಮೋಸ ಹೋದರೆ ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬೇಕು.

ಯಾವ ನಿಲ್ದಾಣ?

ನಮ್ಮ ಮೂರು ತಾಲೂಕುಗಳವರಿಗೆ ಬಜಪೆಯೇ ಹತ್ತಿರದ ನಿಲ್ದಾಣ. ಪುತ್ತೂರಿನಿಂದ ಒಂದೂವರೆ–ಎರಡು ಗಂಟೆ, ಸುಳ್ಯ ಹಾಗೂ ಕಡಬದಿಂದ ಎರಡೂವರೆ ಗಂಟೆಯಾದರೂ ಬೇಕು. ಎರಡನೆಯ ಆಯ್ಕೆ 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರು ನಿಲ್ದಾಣ. ಮಟ್ಟನ್ನೂರಿನಲ್ಲಿರುವ ಇದನ್ನು ಸುಳ್ಯದವರು ಸಂಪಾಜೆ, ಮಡಿಕೇರಿ, ವಿರಾಜಪೇಟೆ, ಮಾಕುಟ್ಟ ಮಾರ್ಗವಾಗಿಯೂ ಕಾಸರಗೋಡಿನ ಕಡೆಯಿಂದಲೂ ಸುಮಾರು ನಾಲ್ಕು ಗಂಟೆಗಳಲ್ಲಿ ತಲುಪಬಹುದು. ಗಲ್ಫ್ ಪ್ರಯಾಣಕ್ಕೆ ಇದನ್ನೂ ಹೋಲಿಕೆಯಲ್ಲಿ ಸೇರಿಸಿಕೊಳ್ಳಬೇಕು. ಮೂರನೆಯದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣ. ಮುಂಬೈ, ದೆಹಲಿ, ಅಹಮದಾಬಾದ್ ಮುಂತಾದ ಊರುಗಳಿಗೆ ಅಲ್ಲಿಂದ ದಿನವಿಡೀ ವಿಮಾನಗಳಿರುವುದರಿಂದ ಕೆಳಗಿನ ಮೆಟ್ಟಿಲಿನ ಆಸನವೊಂದು ಎಲ್ಲಾದರೂ ಉಳಿದಿರುವ ಸಂಭವ ಹೆಚ್ಚು.

ಆದರೆ ಟಿಕೇಟಿನ ದರವನ್ನು ಮಾತ್ರ ನೋಡಬಾರದು. ಮನೆಬಾಗಿಲಿನಿಂದ ಲೆಕ್ಕ ಹಾಕಬೇಕು. ಊಹಾತ್ಮಕ ಉದಾಹರಣೆಯೊಂದನ್ನು ನೋಡೋಣ. ಪುತ್ತೂರಿನ ವರ್ತಕರೊಬ್ಬರು ನಾಳೆ ಮುಂಬೈಯಲ್ಲಿರಬೇಕು. ಮಂಗಳೂರಿನಿಂದ ನೇರ ಟಿಕೇಟು 9,500, ಬಜಪೆಗೆ ಬಾಡಿಗೆ ಕಾರು 2,000. ಒಟ್ಟು 11,500 ರೂಪಾಯಿ. ಬೆಂಗಳೂರಿನಿಂದಾದರೆ ಟಿಕೇಟು 5,600, ರಾತ್ರಿ ಬಸ್ಸು 800, ನಿಲ್ದಾಣಕ್ಕೆ ಬಸ್ಸು 400, ಊಟೋಪಚಾರ 300, ಒಟ್ಟು 7,100. ಉಳಿತಾಯ 4,400. ಸಮಯದ ಲೆಕ್ಕದಲ್ಲಿ ಮೊದಲನೆಯದಕ್ಕೆ ಸುಮಾರು 6 ಗಂಟೆ, ಎರಡನೆಯದಕ್ಕೆ ಸುಮಾರು 14 ಗಂಟೆ. ನಿದ್ದೆಗೆಟ್ಟ ಎಂಟು ಗಂಟೆಗಳ ಬೆಲೆ 4,400ಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ವ್ಯವಹಾರಕ್ಕೆ ಅನುಗುಣವಾಗಿ ನಿರ್ಧರಿಸಬೇಕು.

ಮಳೆಗಾಲದಲ್ಲಿ ಈ ಲೆಕ್ಕಾಚಾರವೇ ಬುಡಮೇಲಾಗಬಹುದು. 2018ರ ಆಗಸ್ಟಿನ ಭೂಕುಸಿತಗಳಲ್ಲಿ ಶಿರಾಡಿ ಮತ್ತು ಸಂಪಾಜೆ ಮಾರ್ಗಗಳೆರಡೂ ಕಡಿದುಹೋದವು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಲುವಿನಲ್ಲಿ ಹೆದ್ದಾರಿಗೆ ಗುಡ್ಡ ಜರಿಯಿತು. ಅದೇ ತಿಂಗಳಿನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಕುಸಿದು ಕಬಕ ಪುತ್ತೂರು, ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳು ಸ್ಥಗಿತಗೊಂಡವು. ಘಾಟಿ ಮುಚ್ಚಿದ ದಿನ ಬೆಂಗಳೂರಿನಿಂದ ಕೊಂಡ ಅಗ್ಗದ ಟಿಕೇಟು ಕೇವಲ ಕಾಗದವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಆಯ್ಕೆಯನ್ನು ಘಾಟಿಯ ಸ್ಥಿತಿ ತಿಳಿದ ಮೇಲಷ್ಟೇ ಕೈಗೊಳ್ಳಬೇಕು.

ಎರಡು ಪ್ರತ್ಯೇಕ ಟಿಕೇಟುಗಳನ್ನು ಜೋಡಿಸಿ, ಅಂದರೆ ಮಂಗಳೂರು–ಬೆಂಗಳೂರು ಒಂದು, ಬೆಂಗಳೂರು–ದೆಹಲಿ ಇನ್ನೊಂದು ಎಂದು ಕೊಂಡಾಗಲೂ ಅಪಾಯವಿದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇರದು. ಸಾಮಾನನ್ನು ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು. ನಡುವೆ ನಾಲ್ಕು ಗಂಟೆಯಾದರೂ ಅಂತರವಿರುವುದು ಒಳಿತು.

ಗಲ್ಫ್‌ನಿಂದ ಮರಳುವವರು

ಹಣಕ್ಕಿಂತ ಮಿಗಿಲಾದುದು ಪಣಕ್ಕಿಡಲ್ಪಡುವುದು ಗಲ್ಫ್ ಮಾರ್ಗದಲ್ಲಿ. 2006ರಲ್ಲಿ ಮಂಗಳೂರು–ದುಬೈ ನೇರ ವಿಮಾನ ಆರಂಭವಾಗುವವರೆಗೆ ನಮ್ಮವರು ಮುಂಬೈ ಮೂಲಕವೋ ಕೇರಳದ ನಿಲ್ದಾಣಗಳ ಮೂಲಕವೋ ಸುತ್ತಿ ಬರಬೇಕಿತ್ತು. ಇಂದು ನೇರ ವಿಮಾನಗಳಿವೆ. ಆದರೆ ಈ ಮಾರ್ಗದಲ್ಲಿ ಹಾರುತ್ತಿರುವವು ಭಾರತೀಯ ಸಂಸ್ಥೆಗಳು ಮಾತ್ರ. ಗಲ್ಫ್ ರಾಷ್ಟ್ರಗಳ ದೊಡ್ಡ ಸಂಸ್ಥೆಗಳು ಬೆಂಗಳೂರು, ಕೊಚ್ಚಿ, ಮುಂಬೈಗಳಿಗೆ ಬರುತ್ತವೆ. ಸಂಸ್ಥೆಗಳು ಕಡಿಮೆಯಿದ್ದಲ್ಲಿ ಕೊನೆಯ ಗಳಿಗೆಯ ದರ ಹೆಚ್ಚು ಎಂಬುದು ಸರಳ ವಾಣಿಜ್ಯ ಸೂತ್ರ.

ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುವ ಜೂನ್ ಕೊನೆಯಲ್ಲಿ ಊರಿಗೆ ಬರುವ ದರವೂ, ಆಗಸ್ಟ್ ಕೊನೆಯಲ್ಲಿ ಮರಳುವ ದರವೂ ಏರುತ್ತವೆ. ಅದೇ ದಿನಗಳಲ್ಲಿ ವಿರುದ್ಧ ದಿಕ್ಕಿನ ವಿಮಾನಗಳಲ್ಲಿ ಆಸನಗಳು ಸುಲಭವಾಗಿ ಸಿಗುತ್ತವೆ. ಈದ್, ಓಣಂ, ಕ್ರಿಸ್‌ಮಸ್ ಹಬ್ಬಗಳ ಆಸುಪಾಸಿನಲ್ಲೂ ಏರಿಕೆ ಸಾಮಾನ್ಯ.

ಮನೆಯಲ್ಲಿ ಸಾವುನೋವು ಸಂಭವಿಸಿದಾಗ ದುಬೈ–ಮಂಗಳೂರು ಎಂಬ ಒಂದೇ ಸಾಲನ್ನು ನೋಡಿ ನಿಲ್ಲಿಸಬಾರದು. ಹೊರಡುವ ನಿಲ್ದಾಣಗಳಾಗಿ ದುಬೈ, ಶಾರ್ಜಾ, ಅಬುಧಾಬಿ. ಇಳಿಯುವ ನಿಲ್ದಾಣಗಳಾಗಿ ಮಂಗಳೂರು, ಕಣ್ಣೂರು, ಕಲ್ಲಿಕೋಟೆ, ಬೆಂಗಳೂರು. ಒಟ್ಟು ಹನ್ನೆರಡು ಜೋಡಿಗಳಾಗುತ್ತವೆ. ಇಬ್ಬರು ಕುಳಿತು ಹಂಚಿಕೊಂಡು ನೋಡಿದರೆ ಕಾಲು ಗಂಟೆಯ ಕೆಲಸ. ದುಃಖದಲ್ಲಿರುವ ಮಗ ಅಲ್ಲಿ ಒಬ್ಬಂಟಿಯಾಗಿ ಹುಡುಕುವುದಕ್ಕಿಂತ ಊರಿನಲ್ಲಿರುವ ಭಾವನೋ ದಾಯಾದಿಯೋ ಈ ಹೊಣೆಯನ್ನು ಹೊತ್ತುಕೊಳ್ಳುವುದು ಮಾನವೀಯವೂ ಹೌದು, ಲಾಭಕರವೂ ಹೌದು. ಇದಕ್ಕಾಗಿ ಹೊರನಾಡಿನಲ್ಲಿರುವ ಮನೆಯವರ ಪಾಸ್‌ಪೋರ್ಟಿನ ಪ್ರತಿ, ಅದರಲ್ಲಿರುವಂತೆಯೇ ಹೆಸರಿನ ಅಕ್ಷರಗಳು, ಅಲ್ಲಿನ ವೀಸಾದ ಅವಧಿ ಇವು ಮನೆಯಲ್ಲಿ ಸದಾ ಸಿದ್ಧವಿರಬೇಕು. ಅಂತ್ಯಸಂಸ್ಕಾರದ ಹೊತ್ತು ನಿಗದಿಯಾಗಿರುವಾಗ ಮಾತ್ರ ಎರಡು ಸಾವಿರದ ಉಳಿತಾಯಕ್ಕಾಗಿ ಬಿಗಿಯಾದ ಸಂಪರ್ಕ ವಿಮಾನವನ್ನು ಆರಿಸಬಾರದು. ಆ ದಿನ ದುಬಾರಿಯಾದರೂ ನೇರ ವಿಮಾನವೇ ಅಗ್ಗ.

ವರ್ತಕರಿಗೆ ಜಿ.ಎಸ್.ಟಿ. ಪ್ರಯೋಜನ

ಸಾಮಾನ್ಯ ದರ್ಜೆಯ ಟಿಕೇಟಿಗೆ ಶೇ. 5 ಜಿ.ಎಸ್.ಟಿ. ಇದೆ, ಮೇಲ್ದರ್ಜೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18. ವ್ಯವಹಾರದ ಉದ್ದೇಶಕ್ಕಾಗಿ ಪ್ರಯಾಣಿಸಿದ ನೋಂದಾಯಿತ ವರ್ತಕರು ಈ ತೆರಿಗೆಗೆ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ಹೀಗಿದ್ದರೂ ಅನೇಕರು ಸ್ವಂತ ಹೆಸರಿನಲ್ಲಿ ಟಿಕೇಟು ಮಾಡಿಸಿ ಇದನ್ನು ಕಳೆದುಕೊಳ್ಳುತ್ತಾರೆ. ಟಿಕೇಟು ಮಾಡಿಸುವಾಗಲೇ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ, ಹೆಸರು, ಇ-ಮೇಲ್ ವಿಳಾಸವನ್ನು ನಮೂದಿಸಬೇಕು. ಆಮೇಲೆ ಸೇರಿಸುವುದು ಕಷ್ಟ. ಸರಕು ಪಟ್ಟಿ ಮಾಸಿಕ ಜಿ.ಎಸ್.ಟಿ.ಆರ್.-2ಬಿಯಲ್ಲಿ ಕಾಣಿಸಿಕೊಂಡಿದೆಯೇ ಎಂದು ಲೆಕ್ಕಪರಿಶೋಧಕರ ಮೂಲಕ ನೋಡಿಕೊಳ್ಳಬೇಕು. ತೆರಿಗೆಗೊಳಪಡುವ ಮೊತ್ತ 8,000 ಆಗಿದ್ದರೆ ಜಮೆ 400 ರೂಪಾಯಿ. ವರ್ಷಕ್ಕೆ ಇಪ್ಪತ್ತು ಬಾರಿ ಪ್ರಯಾಣಿಸುವವರಿಗೆ 8,000; ಅಂದರೆ ಒಂದು ಟಿಕೇಟು ಉಚಿತವಾದಂತೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಸೌಲಭ್ಯವಿಲ್ಲ. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದೇ ಕೆಲವು ಸಂಸ್ಥೆಗಳು ನೀಡುವ ವಿಶೇಷ ದರಗಳಲ್ಲಿ ದಿನಾಂಕ ಬದಲಾವಣೆಯ ಶುಲ್ಕ ಕಡಿಮೆಯಿರುತ್ತದೆ. ಕೆಲಸ ಎಂದು ಮುಗಿಯುವುದೆಂದು ತಿಳಿಯದ ವ್ಯಾಪಾರಿಗೆ ಇದು ಅತಿ ಅಗ್ಗದ ಟಿಕೇಟಿಗಿಂತಲೂ ಹೆಚ್ಚು ಉಪಯುಕ್ತ.

ಟಿಕೇಟು ಬಳಸದಿದ್ದಾಗ

ಮೂಲ ದರ ಮರಳದ ಟಿಕೇಟಾದರೂ, ಪ್ರಯಾಣಿಸದಿದ್ದಲ್ಲಿ ಶಾಸನಬದ್ಧ ತೆರಿಗೆಗಳನ್ನು ಹಾಗೂ ವಿಮಾನ ನಿಲ್ದಾಣ ಬಳಕೆದಾರರ ಶುಲ್ಕವನ್ನು ಸಂಸ್ಥೆ ಹಿಂದಿರುಗಿಸಬೇಕು ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರುವಂತಿಲ್ಲ. ಸಂಸ್ಥೆಯೇ ವಿಮಾನವನ್ನು ರದ್ದುಪಡಿಸಿದರೆ ಬದಲಿ ವಿಮಾನ ಅಥವಾ ಹಣ ವಾಪಸಾತಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ಪ್ರಯಾಣಿಕನದು. ಈ ಮೊತ್ತಗಳನ್ನು ಕೇಳದೆ ಬಿಟ್ಟವರೇ ಹೆಚ್ಚು. ಸಂಸ್ಥೆ ಸ್ಪಂದಿಸದಿದ್ದರೆ ಕೇಂದ್ರ ಸರಕಾರದ ಏರ್‌ಸೇವಾ ತಾಣದಲ್ಲಿ ಅಥವಾ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು.

ಸರಕಾರವು ದರಕ್ಕೆ ಮಿತಿ ಹಾಕಬಾರದೇ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಕೊರೊನಾ ಕಾಲದಲ್ಲಿ 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ ದೇಶೀಯ ದರಗಳಿಗೆ ಮಿತಿಯಿತ್ತು. 2025ರ ಡಿಸೆಂಬರಿನಲ್ಲಿ ಇಂಡಿಗೋ ಸಂಸ್ಥೆಯ ವಿಮಾನಗಳು ದೊಡ್ಡ ಪ್ರಮಾಣದಲ್ಲಿ ರದ್ದಾಗಿ ದರ ಗಗನಕ್ಕೇರಿದಾಗ ಸರಕಾರವು ತಾತ್ಕಾಲಿಕವಾಗಿ 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 500ರಿಂದ 1,000 ಕಿಲೋಮೀಟರ್‌ವರೆಗೆ 12,000 ರೂಪಾಯಿ ಎಂಬಂತೆ ಮಿತಿ ವಿಧಿಸಿತು. ಇವು ವಿಪತ್ತಿನ ಕಾಲದ ಕ್ರಮಗಳು. ಸಾಮಾನ್ಯ ದಿನಗಳಲ್ಲಿ ದರ ನಿರ್ಧಾರ ಸಂಸ್ಥೆಗಳ ಕೈಯಲ್ಲಿದೆ. ಆದುದರಿಂದ ಎಚ್ಚರ ನಮ್ಮ ಕೈಯಲ್ಲಿರಬೇಕು.

ಕೊನೆಯದಾಗಿ ಒಂದು ಮಾತು. ಕೊನೆಯ ಗಳಿಗೆಯ ಪ್ರಯಾಣಗಳೆಲ್ಲವೂ ನಿಜವಾಗಿ ಕೊನೆಯ ಗಳಿಗೆಯವಲ್ಲ. ಮಾರಾಟ ಮೇಳ, ನ್ಯಾಯಾಲಯದ ದಿನಾಂಕ, ಮಕ್ಕಳ ಕಾಲೇಜು ಪ್ರವೇಶ ಇವು ಮುಂಚಿತವಾಗಿಯೇ ತಿಳಿದಿದ್ದರೂ ನಾವು ಮುಂದೂಡುತ್ತೇವೆ. ಕಳೆದ ಒಂದು ವರ್ಷದ ತಮ್ಮ ಪ್ರಯಾಣಗಳ ಪಟ್ಟಿಯನ್ನು ಸದಸ್ಯರು ಒಮ್ಮೆ ಬರೆದು ನೋಡಲಿ. ಅವುಗಳಲ್ಲಿ ಎಷ್ಟನ್ನು ಹದಿನೈದು ದಿನ ಮೊದಲೇ ನಿರ್ಧರಿಸಬಹುದಾಗಿತ್ತು ಎಂಬುದನ್ನು ಗುರುತಿಸಲಿ. ಅಲ್ಲಿ ಉಳಿಸಿದ ಹಣವೇ, ನಿಜವಾದ ಆಪತ್ತು ಬಂದ ರಾತ್ರಿ ದರವನ್ನು ಲೆಕ್ಕಿಸದೆ ಹೊರಡುವುದಕ್ಕೆ ಕೈಯಲ್ಲಿರುವ ಗಂಟು.